ಈಗಾಗಲೇ ಕಳಿಸಿದ ಪಾರ್ಸೆಲ್ ಆರ್ಡರನ್ನು ಎಪಿಐ ಮೂಲಕ ತಿದ್ದುವ ಸರಿಯಾದ ಕ್ರಮ ಯಾವುದು?

ಪ್ರಶ್ನೆ
ವರದಾ_ತೀರ, ಸಾಗರ

ಎಲ್ಲರಿಗೂ ನಮಸ್ಕಾರ.

ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಕೆಲವು ಮನೆಯವರು ಸೇರಿ ಅಪ್ಪೆಮಿಡಿ ಉಪ್ಪಿನಕಾಯಿ, ಜೇನುತುಪ್ಪ, ಕಾಳುಮೆಣಸು, ಹಲಸಿನ ಹಪ್ಪಳಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತಾರೆ. ಅವರ ಆರ್ಡರ್‌ಗಳನ್ನು ನಿರ್ವಹಿಸುವ ತಂತ್ರಾಂಶವನ್ನು ನಾನು ನೋಡಿಕೊಳ್ಳುತ್ತೇನೆ. ಗ್ರಾಹಕರು ಆರ್ಡರ್ ಮಾಡಿದ ಕೂಡಲೇ ಅದು ನಮ್ಮ ಡೇಟಾಬೇಸ್‌ನಲ್ಲಿ ದಾಖಲಾಗಿ, ಅಲ್ಲಿಂದ ಒಂದು ಶಿಪ್ಪಿಂಗ್ ಸೇವೆಯ ವೆಬ್ ಎಪಿಐಗೆ (ತಂತ್ರಾಂಶಗಳು ಪರಸ್ಪರ ಮಾಹಿತಿ ಕೊಟ್ಟು ಪಡೆಯುವ ವ್ಯವಸ್ಥೆ) ಹೋಗುತ್ತದೆ. ಆ ಸೇವೆಯು ಕೊರಿಯರ್ ಸಂಸ್ಥೆಯನ್ನು ಆರಿಸಿ, ಎಡಬ್ಲ್ಯೂಬಿ ಸಂಖ್ಯೆಯನ್ನೂ (ಪಾರ್ಸೆಲ್‌ನ ಜಾಡು ಹಿಡಿಯುವ ಸಂಖ್ಯೆ) ಲೇಬಲನ್ನೂ ಕೊಡುತ್ತದೆ. ಹೊಸ ಆರ್ಡರ್ ಕಳಿಸುವ ಭಾಗದಲ್ಲಿ ತೊಂದರೆಯಿಲ್ಲ. ನಾನು ಕೇಳಬೇಕಾಗಿರುವುದು ಒಮ್ಮೆ ಕಳಿಸಿದ ಆರ್ಡರನ್ನು ಆಮೇಲೆ ತಿದ್ದುವ ಬಗ್ಗೆ.

ತಿದ್ದುಪಡಿ ಬೇಕೆಂದು ಬರುವ ಕರೆಗಳಲ್ಲಿ ವಿಳಾಸದ ಬದಲಾವಣೆಯೇ ಹೆಚ್ಚು. ಕೊಪ್ಪ, ತೀರ್ಥಹಳ್ಳಿ ಕಡೆಯ ಒಳಹಳ್ಳಿಗಳ ಗ್ರಾಹಕರು ಮೊದಲು ಮನೆಯ ವಿಳಾಸ ಕೊಟ್ಟಿರುತ್ತಾರೆ. ಮಳೆ ಜೋರಾಗಿ ಊರಿನ ದಾರಿ ಕೆಟ್ಟಾಗ, ಪೇಟೆಯಲ್ಲಿರುವ ನೆಂಟರ ಅಂಗಡಿಗೆ ಕಳಿಸಿ ಎನ್ನುತ್ತಾರೆ. ಕ್ಯಾಶ್ ಆನ್ ಡೆಲಿವರಿ ಎಂದು ಆರ್ಡರ್ ಮಾಡಿದವರು ಮರುದಿನ ಯುಪಿಐ ಮೂಲಕ ಹಣ ಹಾಕುವುದೂ ಉಂಟು. ಇನ್ನು ಕೆಲವರು ಇದೇ ಪೆಟ್ಟಿಗೆಯಲ್ಲಿ ಒಂದು ಕಟ್ಟು ಹಪ್ಪಳವನ್ನೂ ಸೇರಿಸಿ ಎಂದು ಕೇಳುತ್ತಾರೆ. ಇಂಥ ಕೋರಿಕೆಗಳನ್ನು ಈಗ ನಮ್ಮವರೊಬ್ಬರು ಶಿಪ್ಪಿಂಗ್ ಸೇವೆಯ ಜಾಲತಾಣದಲ್ಲಿ ಕೈಯಾರೆ ತಿದ್ದುತ್ತಿದ್ದಾರೆ. ಅದನ್ನು ನಮ್ಮ ತಂತ್ರಾಂಶದಿಂದಲೇ ಮಾಡುವಂತಾಗಬೇಕು.

ಪರೀಕ್ಷಾ ಖಾತೆಯಲ್ಲಿ ನಾನು ಎರಡು ಸಂಗತಿಗಳನ್ನು ಗಮನಿಸಿದ್ದೇನೆ. ಆರ್ಡರ್ ತಿದ್ದುವ ಎಪಿಐ ಕರೆಗೆ (ನಮ್ಮ ತಂತ್ರಾಂಶ ಅವರ ಸರ್ವರ್‌ಗೆ ಕಳಿಸುವ ಕೋರಿಕೆ) ಆರ್ಡರ್ ಸಂಖ್ಯೆಯನ್ನೂ ಹೊಸ ಫೋನ್ ಸಂಖ್ಯೆಯನ್ನೂ ಮಾತ್ರ ಕೊಟ್ಟು ಕಳಿಸಿದಾಗ ಸರ್ವರ್ 200, ಅಂದರೆ ಯಶಸ್ವಿ, ಎಂದು ಉತ್ತರಿಸಿತು; ಆದರೆ ಅದೇ ಆರ್ಡರನ್ನು ಮತ್ತೆ ಓದಿದಾಗ ಪೆಟ್ಟಿಗೆಯ ಅಳತೆಗಳು ಮತ್ತು ವಿತರಣೆಯ ಸೂಚನೆ ಖಾಲಿಯಾಗಿದ್ದವು. ಇನ್ನೊಂದು ಆರ್ಡರ್‌ನಲ್ಲಿ ಲೇಬಲ್ ಸಿದ್ಧವಾದ ಬಳಿಕ ವಿಳಾಸವನ್ನು ತಿದ್ದಿದೆ. ಆಗಲೂ 200 ಬಂತು, ಓದಿದಾಗ ಹೊಸ ವಿಳಾಸವೂ ಕಂಡಿತು, ಆದರೆ ಲೇಬಲ್‌ನಲ್ಲಿ ಇದ್ದದ್ದು ಹಳೆಯ ವಿಳಾಸವೇ.

ತಿದ್ದುವಾಗ ಇಡೀ ಆರ್ಡರನ್ನು ಕಳಿಸಬೇಕೇ, ಬದಲಾದ ಭಾಗವನ್ನಷ್ಟೇ ಕಳಿಸಬೇಕೇ? ಯಾವ ಹಂತದವರೆಗೆ ತಿದ್ದುಪಡಿಯನ್ನು ನಂಬಬಹುದು? ಲೇಬಲ್ ಆದ ಮೇಲೆ ರದ್ದು ಮಾಡಿ ಹೊಸದಾಗಿ ಬುಕ್ ಮಾಡುವುದೊಂದೇ ದಾರಿಯೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ 1
ತುಂಗಾ_ಕೋಡ್, ಶಿವಮೊಗ್ಗ

ವರದಾ_ತೀರ ಅವರೇ, ನೀವು ಕಂಡ ಎರಡು ಸಂಗತಿಗಳ ಕಾರಣಗಳು ಬೇರೆ ಬೇರೆ. ಮೊದಲನೆಯದು ಆ ಎಪಿಐ ತಿದ್ದುಪಡಿಯನ್ನು ಹೇಗೆ ಅರ್ಥಮಾಡಿಕೊಳ್ಳುತ್ತದೆ ಎಂಬುದಕ್ಕೆ ಸಂಬಂಧಿಸಿದ್ದು. ಎರಡನೆಯದು ಆರ್ಡರ್ ಮತ್ತು ಲೇಬಲ್ ಎರಡು ಪ್ರತ್ಯೇಕ ದಾಖಲೆಗಳು ಎಂಬುದಕ್ಕೆ ಸಂಬಂಧಿಸಿದ್ದು.

ವೆಬ್‌ನ ಸಂವಹನ ನಿಯಮವಾದ ಎಚ್‌ಟಿಟಿಪಿಯಲ್ಲಿ ಪುಟ್ ವಿಧಾನವು, ಇರುವುದನ್ನು ಪೂರ್ತಿ ತೆಗೆದು ನಾನು ಕೊಟ್ಟಿದ್ದನ್ನು ಆ ಜಾಗದಲ್ಲಿ ಇಡು ಎಂದು ಸರ್ವರ್‌ಗೆ ಹೇಳುತ್ತದೆ. ನೀವು ಫೋನ್ ಸಂಖ್ಯೆಯನ್ನಷ್ಟೇ ಕೊಟ್ಟರೆ, ಉಳಿದ ಫೀಲ್ಡ್‌ಗಳು ಬೇಡವೆಂದು ನೀವೇ ಹೇಳಿದಂತೆ ಸರ್ವರ್ ಭಾವಿಸುತ್ತದೆ. ಹೆಸರು ಪುಟ್ ಅಲ್ಲದಿದ್ದರೂ ಹಾಗೆಯೇ ನಡೆದುಕೊಳ್ಳುವ ಎಪಿಐಗಳು ಶಿಪ್ಪಿಂಗ್ ಕ್ಷೇತ್ರದಲ್ಲಿ ಸಾಮಾನ್ಯ. ಅಮೆರಿಕದ ಶಿಪ್‌ಸ್ಟೇಷನ್ ಸೇವೆಯ ಮೊದಲ ಆವೃತ್ತಿಯ ಎಪಿಐಯನ್ನೇ ನೋಡಿ: ಅಲ್ಲಿ ಆರ್ಡರ್ ಸೃಷ್ಟಿಸುವುದಕ್ಕೂ ತಿದ್ದುವುದಕ್ಕೂ ಇರುವುದು ಪೋಸ್ಟ್ ಎಂಬ ಎಚ್‌ಟಿಟಿಪಿ ವಿಧಾನದ ಒಂದೇ ಕರೆ. ನೀವು ಕೊಟ್ಟ ಆರ್ಡರ್‌ಕೀ (ಆರ್ಡರನ್ನು ಗುರುತಿಸುವ ಸಂಕೇತ) ಅವರಲ್ಲಿ ಮೊದಲೇ ಇದ್ದರೆ ಹಳೆಯ ಆರ್ಡರ್ ಬದಲಾಗುತ್ತದೆ, ಇಲ್ಲದಿದ್ದರೆ ಹೊಸದು ಹುಟ್ಟುತ್ತದೆ. ಭಾಗಶಃ ತಿದ್ದುಪಡಿಗೆ ಆ ಕರೆಯಲ್ಲಿ ಅವಕಾಶವಿಲ್ಲ, ಇಡೀ ಆರ್ಡರನ್ನು ಕಳಿಸಬೇಕು ಎಂದು ಅವರ ದಾಖಲೆಯಲ್ಲಿ ಸ್ಪಷ್ಟವಾಗಿಯೇ ಬರೆದಿದೆ. ಹಣ ಬರಬೇಕಿರುವ, ಕಳಿಸಬೇಕಿರುವ ಮತ್ತು ತಡೆಹಿಡಿದಿರುವ ಆರ್ಡರ್‌ಗಳನ್ನು ಮಾತ್ರ ಹೀಗೆ ಬದಲಿಸಬಹುದು. ನೀವು ಬಳಸುವ ಸೇವೆಯೂ ಇದೇ ಮಾದರಿಯದ್ದೆಂದು ನೀವು ಕೊಟ್ಟ ವಿವರದಿಂದ ತೋರುತ್ತದೆ.

ಬದಲಾದ ಭಾಗವನ್ನಷ್ಟೇ ಕಳಿಸಲು ಇರುವ ವಿಧಾನ ಪ್ಯಾಚ್. ಅದನ್ನು ವಿವರಿಸುವ ಆರ್‌ಎಫ್‌ಸಿ 5789 (ಇಂಟರ್ನೆಟ್ ಮಾನದಂಡದ ದಾಖಲೆ) ಪ್ರಕಟವಾದದ್ದು 2010ರಲ್ಲಿ. ಆದರೆ ಪ್ಯಾಚ್ ಇದೆ ಎಂದಾಕ್ಷಣ ನಿಶ್ಚಿಂತರಾಗಬಾರದು, ಏಕೆಂದರೆ ಒಳಗೆ ಕಳಿಸುವ ಮಾಹಿತಿಯ ರೂಪದಲ್ಲಿ ಎರಡು ಸಂಪ್ರದಾಯಗಳಿವೆ. ಜೇಸನ್ ಎಂಬುದು ಮಾಹಿತಿಯನ್ನು ಪಠ್ಯವಾಗಿ ಬರೆಯುವ ಒಂದು ರೂಪ. ಆರ್‌ಎಫ್‌ಸಿ 7396ರ ಜೇಸನ್ ಮರ್ಜ್ ಪ್ಯಾಚ್‌ನಲ್ಲಿ ಒಂದು ಫೀಲ್ಡ್‌ಗೆ ನಲ್ (ಏನೂ ಇಲ್ಲ) ಎಂದು ಕೊಟ್ಟರೆ ಆ ಫೀಲ್ಡ್ ಅಳಿಸಿಹೋಗುತ್ತದೆ, ಮತ್ತು ಪಟ್ಟಿಯ ರೂಪದಲ್ಲಿರುವ ಯಾವುದೇ ಫೀಲ್ಡ್ ಇಡಿಯಾಗಿ ಬದಲಾಗುತ್ತದೆ. ಎರಡು ಬಾಟಲಿ ಜೇನುತುಪ್ಪ, ಒಂದು ಭರಣಿ ಉಪ್ಪಿನಕಾಯಿ ಇರುವ ಆರ್ಡರ್‌ಗೆ ಹಪ್ಪಳ ಸೇರಿಸಬೇಕೆಂದು ಹಪ್ಪಳದ ಸಾಲನ್ನಷ್ಟೇ ಕಳಿಸಿದರೆ, ಕೊನೆಗೆ ಆರ್ಡರ್‌ನಲ್ಲಿ ಉಳಿಯುವುದು ಹಪ್ಪಳ ಮಾತ್ರ. ಆರ್‌ಎಫ್‌ಸಿ 6902ರ ಜೇಸನ್ ಪ್ಯಾಚ್ ಇದಕ್ಕಿಂತ ನಿಖರ: ಪಟ್ಟಿಯ ಕೊನೆಗೆ ಇದನ್ನು ಸೇರಿಸು, ಈ ಜಾಗದಲ್ಲಿರುವುದನ್ನು ಬದಲಿಸು ಎಂದು ಒಂದೊಂದೇ ಕ್ರಿಯೆಯನ್ನು ಹೇಳಬಹುದು. ಬದಲಿಸುವ ಮೊದಲು ಅಲ್ಲಿ ಇರಬೇಕಾದ ಮಾಹಿತಿಯೇ ಇದೆಯೇ ಎಂದು ಪರೀಕ್ಷಿಸುವ ಕ್ರಿಯೆಯೂ ಅದರಲ್ಲಿದೆ. ನಿಮ್ಮ ಸೇವೆಯವರು ಯಾವುದನ್ನು ಒಪ್ಪುತ್ತಾರೆ ಎಂಬುದನ್ನು ಕಂಟೆಂಟ್ ಟೈಪ್ (ಕಳಿಸುವ ಮಾಹಿತಿಯ ರೂಪ ತಿಳಿಸುವ ಗುರುತು) ನೋಡಿ ಖಚಿತಪಡಿಸಿಕೊಳ್ಳಿ.

ಪ್ಯಾಚ್ ಇಲ್ಲದ ಕಡೆ ಮೊದಲು ಆರ್ಡರನ್ನು ಓದಿ, ಬೇಕಾದ ಫೀಲ್ಡನ್ನು ಬದಲಿಸಿ, ಪೂರ್ತಿ ಆರ್ಡರನ್ನು ಹಿಂದಿರುಗಿಸುವುದೇ ಕ್ರಮ. ಓದುವುದು ಎಂದರೆ ಅವರ ಸರ್ವರ್‌ನಿಂದ ಓದುವುದು. ನಿಮ್ಮ ಡೇಟಾಬೇಸ್‌ನಲ್ಲಿರುವ ಪ್ರತಿಯನ್ನು ತೆಗೆದು ಕಳಿಸಬೇಡಿ, ಏಕೆಂದರೆ ಅಷ್ಟರಲ್ಲಿ ನಿಮ್ಮವರೊಬ್ಬರು ಜಾಲತಾಣದಲ್ಲಿ ಕೈಯಾರೆ ತಿದ್ದಿರುವುದು ನಿಮ್ಮ ಪ್ರತಿಯಲ್ಲಿ ಇರುವುದಿಲ್ಲ. ಓದಿದ ಮೇಲೆ ಮತ್ತು ಬರೆಯುವ ಮೊದಲಿನ ಅಂತರದಲ್ಲಿಯೂ ಯಾರಾದರೂ ತಿದ್ದಬಹುದು. ಅದಕ್ಕಾಗಿಯೇ ಇಟ್ಯಾಗ್, ಅಂದರೆ ಆರ್ಡರ್‌ನ ಆವೃತ್ತಿಯನ್ನು ಗುರುತಿಸುವ ಸಂಕೇತ, ಇದೆ. ಓದುವಾಗ ಬಂದ ಇಟ್ಯಾಗ್ ಅನ್ನು ಬರೆಯುವಾಗ ಇಫ್-ಮ್ಯಾಚ್ ಹೆಡರ್‌ನಲ್ಲಿ ಇಟ್ಟರೆ, ನಡುವೆ ಆರ್ಡರ್ ಬದಲಾಗಿದ್ದ ಪಕ್ಷದಲ್ಲಿ ಸರ್ವರ್ 412 ಎಂದು ತಿರಸ್ಕರಿಸುತ್ತದೆ. ಆಗ ಮತ್ತೆ ಓದಿ ಮೊದಲಿನಿಂದ ಮಾಡಬೇಕು. ಇಟ್ಯಾಗ್ ಕೊಡದ ಸೇವೆಗಳಲ್ಲಿ ಕೊನೆಯ ಬಾರಿ ಬದಲಾದ ಸಮಯದ ಫೀಲ್ಡನ್ನಾದರೂ ಬರೆಯುವ ಮುನ್ನ ಹೋಲಿಸಿ ನೋಡಬೇಕು. ಅದು ಪೂರ್ಣ ರಕ್ಷಣೆಯಲ್ಲ, ಆದರೂ ಏನೂ ಇಲ್ಲದಿರುವುದಕ್ಕಿಂತ ಬಹಳ ಮೇಲು. ಕೈಯಾರೆ ತಿದ್ದುವ ಪದ್ಧತಿ ನಿಮ್ಮಲ್ಲಿ ಈಗಲೂ ನಡೆಯುತ್ತಿರುವುದರಿಂದ ಇದನ್ನು ಬಿಡಲೇಬೇಡಿ ಎಂದು ಒತ್ತಿ ಹೇಳುತ್ತೇನೆ.

ಇನ್ನು ಲೇಬಲ್. ಎಡಬ್ಲ್ಯೂಬಿ ಸಂಖ್ಯೆ ಬಂದ ಗಳಿಗೆಯಲ್ಲಿ ಆರ್ಡರ್‌ನ ಒಂದು ನಕಲು ಕೊರಿಯರ್ ಸಂಸ್ಥೆಯ ವ್ಯವಸ್ಥೆಗೆ ಹೋಗಿ ಅಲ್ಲಿ ಸ್ವತಂತ್ರ ದಾಖಲೆಯಾಗುತ್ತದೆ. ಆ ಬಳಿಕ ನೀವು ತಿದ್ದುವ ಆರ್ಡರ್ ಶಿಪ್ಪಿಂಗ್ ಸೇವೆಯ ಡೇಟಾಬೇಸ್‌ನಲ್ಲಿರುವುದು. ಪಾರ್ಸೆಲ್‌ನೊಂದಿಗೆ ಪ್ರಯಾಣ ಮಾಡುವುದು ಕೊರಿಯರ್‌ನವರ ದಾಖಲೆ. ಎರಡನ್ನೂ ಒಟ್ಟಿಗೆ ಬದಲಿಸುವ ಸೇವೆಗಳಿವೆ, ಮೊದಲನೆಯದನ್ನು ಮಾತ್ರ ಬದಲಿಸಿ 200 ಕೊಡುವ ಸೇವೆಗಳೂ ಇವೆ. ನೀವು ನೋಡಿದ್ದು ಎರಡನೆಯ ಬಗೆಯದು. ಆದ್ದರಿಂದ ತಿದ್ದುವ ಕರೆಗೆ ಮುನ್ನ ಆರ್ಡರ್‌ನ ಸ್ಥಿತಿಯನ್ನು ಓದಿ, ಎಡಬ್ಲ್ಯೂಬಿ ಇಲ್ಲದಿದ್ದರೆ ಆರ್ಡರ್ ತಿದ್ದುವ ಕರೆಯನ್ನೂ, ಇದ್ದರೆ ಶಿಪ್‌ಮೆಂಟ್ ತಿದ್ದುವ ಪ್ರತ್ಯೇಕ ಕರೆಯನ್ನೂ ಆರಿಸುವಂತೆ ನಿಮ್ಮ ತಂತ್ರಾಂಶವನ್ನು ಬರೆಯಬೇಕು. ಅಂಥ ಪ್ರತ್ಯೇಕ ಕರೆ ಇಲ್ಲದಿದ್ದರೆ, ಪಿಕಪ್ ಆಗುವ (ಕೊರಿಯರ್‌ನವರು ಪಾರ್ಸೆಲ್ ಒಯ್ಯುವ) ಮೊದಲು ರದ್ದು ಮಾಡಿ ಹೊಸ ಎಡಬ್ಲ್ಯೂಬಿ ಪಡೆಯುವುದೇ ಭದ್ರವಾದ ದಾರಿ.

ಉತ್ತರ 2
ಗೋಣಿಚೀಲ, ಶಿವಮೊಗ್ಗ

ಮೇಲಿನ ಉತ್ತರ ತಂತ್ರಾಂಶದ ದೃಷ್ಟಿಯಿಂದ ಪೂರ್ಣವಾಗಿದೆ. ನಾನು ಪ್ಯಾಕಿಂಗ್ ಮತ್ತು ರವಾನೆಯ ಕಡೆಯಲ್ಲಿ ಕೆಲಸ ಮಾಡುವವನಾದ್ದರಿಂದ, ಯಾವ ಫೀಲ್ಡ್ ಬದಲಾದರೆ ಹೊರಗೆ ಏನಾಗುತ್ತದೆ ಎಂಬುದನ್ನು ಸೇರಿಸುತ್ತೇನೆ. ಎಲ್ಲ ಫೀಲ್ಡ್‌ಗಳನ್ನೂ ಒಂದೇ ತೂಕದಲ್ಲಿ ನೋಡುವ ತಿದ್ದುಪಡಿ ಪರದೆ ಮಾಡಬೇಡಿ ಎಂಬುದೇ ನನ್ನ ಮುಖ್ಯ ವಿನಂತಿ.

ಫೋನ್ ಸಂಖ್ಯೆಯ ಬದಲಾವಣೆಯಿಂದ ಪಾರ್ಸೆಲ್‌ನ ದಾರಿ ಬದಲಾಗುವುದಿಲ್ಲ. ಪಾರ್ಸೆಲ್ ಹೊರಟ ಮೇಲೂ ಅದನ್ನು ಒಪ್ಪುವ ಕೊರಿಯರ್‌ಗಳಿವೆ. ಅದೇ ಪಿನ್‌ಕೋಡ್‌ನೊಳಗೆ ಮನೆ ಅಥವಾ ಅಂಗಡಿಯ ಹೆಸರು ಬದಲಾದರೆ ವಿತರಣೆಗೆ ಹೊರಡುವ ಮುನ್ನ ತಿಳಿಸಿದರೆ ಸಾಕಾಗಬಹುದು. ಪಿನ್‌ಕೋಡ್ ಬದಲಾಯಿತೆಂದರೆ ಮಾತ್ರ ಅದನ್ನು ತಿದ್ದುಪಡಿ ಎಂದು ಕರೆಯಲೇಬಾರದು. ಪಾರ್ಸೆಲ್ ಯಾವ ಚೀಲಕ್ಕೆ, ಯಾವ ಗಾಡಿಗೆ ಹೋಗಬೇಕೆಂದು ತೀರ್ಮಾನವಾಗುವುದೇ ಅದರಿಂದ, ಲೇಬಲ್ ಮೇಲಿನ ವಿಂಗಡಣೆಯ ಗುರುತು ಬರುವುದೂ ಅದರಿಂದಲೇ. ನೀವು ಹೇಳಿದ ಹಾಗೆ ಒಳಹಳ್ಳಿಯ ಮನೆಯಿಂದ ಪೇಟೆಯ ಅಂಗಡಿಗೆ ವಿಳಾಸ ಬದಲಾದಾಗ ಬಹಳ ಸಲ ಪಿನ್‌ಕೋಡ್ ಕೂಡ ಬದಲಾಗಿರುತ್ತದೆ, ಆದರೆ ಗ್ರಾಹಕರು ಅದನ್ನು ಹೇಳಿರುವುದಿಲ್ಲ. ವಿಳಾಸ ತಿದ್ದುವಾಗ ಪಿನ್‌ಕೋಡನ್ನು ಹೊಸದಾಗಿಯೇ ಕೇಳಿ ತುಂಬಿಸಬೇಕು.

ನಮ್ಮ ಕಡೆ ಇನ್ನೊಂದು ಎಚ್ಚರಿಕೆ ಬೇಕು. 577 ಎಂಬ ಮೊದಲ ಮೂರು ಅಂಕಿಗಳು ಶಿವಮೊಗ್ಗ ಜಿಲ್ಲೆಗೆ ಮಾತ್ರ ಸೇರಿದ್ದಲ್ಲ. ದಾವಣಗೆರೆ 577001, ಚಿಕ್ಕಮಗಳೂರು 577101, ಶಿವಮೊಗ್ಗ 577201, ಭದ್ರಾವತಿ 577301, ಸಾಗರ 577401, ಚಿತ್ರದುರ್ಗ 577501. ನಾಲ್ಕನೆಯ ಅಂಕಿ ಒಂದು ತಪ್ಪಿದರೆ ಸಾಗರದ ಪಾರ್ಸೆಲ್ ಕೋಟೆಯ ಊರಿಗೆ ಹೋಗುತ್ತದೆ, ಮತ್ತು ಆರು ಅಂಕಿಗಳಿವೆಯೇ, 577ರಿಂದ ಶುರುವಾಗುತ್ತದೆಯೇ ಎಂದು ನೋಡುವ ಸಾಮಾನ್ಯ ಪರೀಕ್ಷೆಗೆ ಈ ತಪ್ಪು ಸಿಗುವುದೇ ಇಲ್ಲ. ಪಿನ್‌ಕೋಡ್ ಜತೆಗೆ ತಾಲ್ಲೂಕು ಮತ್ತು ಜಿಲ್ಲೆ ಹೊಂದುತ್ತವೆಯೇ ಎಂದು ನಿಮ್ಮ ಕಡೆಯಲ್ಲೇ ಪರೀಕ್ಷಿಸಿ, ಆ ಬಳಿಕ ಎಪಿಐಗೆ ಕಳಿಸಿ. ಹೊಸ ಪಿನ್‌ಕೋಡ್‌ಗೆ ಆ ಕೊರಿಯರ್‌ನವರ ಸೇವೆ ಇದೆಯೇ, ಕ್ಯಾಶ್ ಆನ್ ಡೆಲಿವರಿ ಇದೆಯೇ ಎಂಬುದನ್ನೂ ಆಗಲೇ ಕೇಳಬೇಕು.

ಸಾಮಾನು ಸೇರಿಸುವುದು ಸುಲಭವೆಂದು ಕಾಣುತ್ತದೆ, ಆದರೆ ಹಣದ ವ್ಯತ್ಯಾಸ ಬರುವುದು ಅಲ್ಲಿಯೇ. ಕೊರಿಯರ್‌ನವರು ನಿಜವಾದ ತೂಕ ಮತ್ತು ಗಾತ್ರದಿಂದ ಲೆಕ್ಕ ಹಾಕಿದ ತೂಕ ಇವೆರಡರಲ್ಲಿ ಹೆಚ್ಚಿನದಕ್ಕೆ ದರ ಹಾಕುತ್ತಾರೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುವುದು ರೂಢಿ. ಜೇನುತುಪ್ಪದ ಪೆಟ್ಟಿಗೆಯಲ್ಲಿ ನಿಜವಾದ ತೂಕವೇ ಹೆಚ್ಚು. ಹಲಸಿನ ಹಪ್ಪಳ ಹಗುರ; ಅದಕ್ಕಾಗಿ 30, 30, 20 ಸೆಂಟಿಮೀಟರ್‌ನ ದೊಡ್ಡ ಪೆಟ್ಟಿಗೆ ತೆಗೆದುಕೊಂಡರೆ, ಒಳಗೆ ಒಂದೂವರೆ ಕಿಲೋ ಇದ್ದರೂ ದರ ಬೀಳುವುದು 3.6 ಕಿಲೋಗೆ. ಆದ್ದರಿಂದ ಸಾಮಾನಿನ ಪಟ್ಟಿ ಬದಲಾದಾಗಲೆಲ್ಲ ತೂಕ, ಅಳತೆ, ಒಟ್ಟು ಮೌಲ್ಯ ಮೂರನ್ನೂ ಮತ್ತೆ ಲೆಕ್ಕ ಹಾಕಿ ಒಂದೇ ಕರೆಯಲ್ಲಿ ಕಳಿಸಬೇಕು. ಪೆಟ್ಟಿಗೆಗೆ ಟೇಪ್ ಹಾಕಿಯಾದ ಮೇಲೆ ಸಾಮಾನು ಸೇರಿಸುವ ಕೋರಿಕೆಯನ್ನು ನಾನಂತೂ ಎರಡನೆಯ ಆರ್ಡರ್ ಆಗಿಯೇ ತೆಗೆದುಕೊಳ್ಳುತ್ತೇನೆ.

ಕ್ಯಾಶ್ ಆನ್ ಡೆಲಿವರಿಯಿಂದ ಮುಂಗಡ ಪಾವತಿಗೆ ಬದಲಿಸುವುದನ್ನು ಕೊರಿಯರ್‌ಗಳು ಸಾಮಾನ್ಯವಾಗಿ ಒಪ್ಪುತ್ತಾರೆ, ಅದರ ವಿರುದ್ಧ ದಿಕ್ಕಿನದಕ್ಕೆ ಒಪ್ಪಿಗೆ ಕಷ್ಟ. ಇಲ್ಲಿ ತಡಮಾಡಬಾರದು. ವಿತರಣೆಗೆ ಹೊರಟ ಹುಡುಗನ ಕೈಯಲ್ಲಿರುವ ಉಪಕರಣದಲ್ಲಿ ಹಳೆಯ ಮೊತ್ತವೇ ಉಳಿದರೆ ಆತ ಹಣ ಕೇಳುತ್ತಾನೆ, ಕೇಳುವುದು ಅವನ ಕರ್ತವ್ಯವೂ ಹೌದು. ಒಮ್ಮೆ ಯುಪಿಐ ಮೂಲಕ ಕೊಟ್ಟ ವಯಸ್ಸಾದವರು ಮತ್ತೊಮ್ಮೆ ನಗದು ಕೊಟ್ಟುಬಿಡುತ್ತಾರೆ. ಕೊರಿಯರ್‌ನವರ ದಾಖಲೆಯಲ್ಲಿ ಮೊತ್ತ ಸೊನ್ನೆಯಾಗಿದೆ ಎಂದು ಓದಿ ಖಚಿತಪಡಿಸಿಕೊಳ್ಳುವವರೆಗೆ ಗ್ರಾಹಕರಿಗೆ ಸಂದೇಶ ಕಳಿಸಬೇಡಿ.

ಸಗಟು ವ್ಯಾಪಾರಿಗಳಿಗೆ ಕಾಳುಮೆಣಸಿನ ಚೀಲಗಳನ್ನೂ ನೀವು ಕಳಿಸುವುದಾದರೆ ಸರಕು ಸಾಗಣೆಯ ಜಿಎಸ್‌ಟಿ ದಾಖಲೆಯಾದ ಇ-ವೇ ಬಿಲ್ಲನ್ನು ನೆನಪಿಡಿ. ಸರಕಿನ ಮೌಲ್ಯ 50,000 ರೂಪಾಯಿ ದಾಟಿದರೆ ಅದು ಬೇಕು. ಒಮ್ಮೆ ಸಿದ್ಧವಾದ ಇ-ವೇ ಬಿಲ್ಲಿನಲ್ಲಿ ವಾಹನದ ವಿವರವಿರುವ ಎರಡನೆಯ ಭಾಗವನ್ನು ಬದಲಿಸಬಹುದೇ ಹೊರತು, ಸರಕು ಮತ್ತು ತಲುಪಬೇಕಾದ ಸ್ಥಳದ ವಿವರಗಳನ್ನು ತಿದ್ದಲು ಆಗುವುದಿಲ್ಲ. ತಪ್ಪಿದ್ದರೆ 24 ಗಂಟೆಯೊಳಗೆ ರದ್ದು ಮಾಡಿ ಹೊಸದನ್ನು ಮಾಡಬೇಕು, ದಾರಿಯಲ್ಲಿ ಅಧಿಕಾರಿಗಳು ಪರಿಶೀಲಿಸಿದ್ದರೆ ಆ ಅವಕಾಶವೂ ಇಲ್ಲ. ನಿಮ್ಮ ಎಪಿಐ ವಿಳಾಸದ ತಿದ್ದುಪಡಿಯನ್ನು ಒಪ್ಪಿಕೊಂಡರೂ ಇ-ವೇ ಬಿಲ್ ತಾನಾಗಿ ಬದಲಾಗುವುದಿಲ್ಲ. ಅಂಥ ಆರ್ಡರ್‌ಗಳಿಗೆ ತಂತ್ರಾಂಶದಲ್ಲಿ ತಿದ್ದುವ ಗುಂಡಿಯನ್ನೇ ಮುಚ್ಚಿ, ರದ್ದು ಮಾಡಿ ಮರುಬುಕ್ ಮಾಡುವ ದಾರಿಯನ್ನು ಮಾತ್ರ ತೆರೆದಿಡಿ.

ಪ್ರತಿಕ್ರಿಯೆ
ವರದಾ_ತೀರ, ಸಾಗರ

ಇಬ್ಬರಿಗೂ ಧನ್ಯವಾದಗಳು. ನಮ್ಮ ಸೇವೆಯ ದಾಖಲೆಯನ್ನು ಮತ್ತೆ ಓದಿದೆ. ಆರ್ಡರ್ ತಿದ್ದುವ ಕರೆ ಪೂರ್ತಿ ಮಾಹಿತಿಯನ್ನೇ ಕೇಳುತ್ತದೆ, ಇಟ್ಯಾಗ್ ಇಲ್ಲ, ಬದಲಾದ ಸಮಯದ ಫೀಲ್ಡ್ ಇದೆ. ಎಡಬ್ಲ್ಯೂಬಿ ಬಂದ ಮೇಲಿನ ತಿದ್ದುಪಡಿಗೆ ಪ್ರತ್ಯೇಕ ಕರೆಯೂ ಇದೆ, ಆದರೆ ಅದು 202 ಎಂದು ಉತ್ತರಿಸುತ್ತದೆ.

ಒಂದು ಸಂಶಯ ಉಳಿದಿದೆ. ಆಷಾಢ, ಶ್ರಾವಣಗಳಲ್ಲಿ ಇಲ್ಲಿ ವಿದ್ಯುತ್ತೂ ನೆಟ್‌ವರ್ಕೂ ಗಳಿಗೆಗೊಮ್ಮೆ ಹೋಗಿಬರುತ್ತವೆ. ತಿದ್ದುವ ಕರೆಯನ್ನು ಕಳಿಸಿ ಉತ್ತರ ಬರುವ ಮೊದಲೇ ಸಂಪರ್ಕ ಕಡಿದರೆ, ಅದು ತಲುಪಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಮತ್ತೆ ಕಳಿಸಿದರೆ ಅಪಾಯವಿದೆಯೇ?

ಉತ್ತರ 3
ಕುಶಾವತಿ, ತೀರ್ಥಹಳ್ಳಿ

ಇದೇ ಹವೆಯಲ್ಲಿ ಇದೇ ಬಗೆಯ ಕೆಲಸ ಮಾಡುವವಳಾದ್ದರಿಂದ ಈ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ.

ಅಪಾಯ ಇದೆಯೇ ಇಲ್ಲವೇ ಎಂಬುದು ಯಾವ ಕರೆ ಎಂಬುದನ್ನು ಅವಲಂಬಿಸಿದೆ. ಪೂರ್ತಿ ಆರ್ಡರನ್ನು ಬದಲಿಸುವ ಕರೆಯನ್ನು ಎರಡು ಸಲ ಕಳಿಸಿದರೂ ಕೊನೆಯ ಸ್ಥಿತಿ ಒಂದೇ, ಆದ್ದರಿಂದ ನಡುವೆ ಬೇರೆ ಯಾರೂ ತಿದ್ದಿಲ್ಲವೆಂದಾದರೆ ಮತ್ತೆ ಕಳಿಸುವುದರಲ್ಲಿ ಹಾನಿಯಿಲ್ಲ. ಪಟ್ಟಿಗೆ ಒಂದು ಸಾಮಾನನ್ನು ಸೇರಿಸು ಎಂಬ ಬಗೆಯ ಪ್ಯಾಚ್ ಹಾಗಲ್ಲ. ಎರಡು ಸಲ ತಲುಪಿದರೆ ಎರಡು ಕಟ್ಟು ಹಪ್ಪಳವಾಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ರದ್ದು ಮಾಡಿ ಮರುಬುಕ್ ಮಾಡುವ ಜೋಡಿ ಕರೆ. ರದ್ದಾದ ಮೇಲೆ ಬುಕ್ ಮಾಡುವ ಕರೆಯ ಉತ್ತರ ಬಾರದೆ ಇನ್ನೊಮ್ಮೆ ಕಳಿಸಿದರೆ, ಒಂದೇ ಆರ್ಡರ್‌ಗೆ ಎರಡು ಎಡಬ್ಲ್ಯೂಬಿ ಹುಟ್ಟಿ, ಎರಡಕ್ಕೂ ಪಿಕಪ್ ಬರುತ್ತದೆ.

ಇದಕ್ಕೆ ನಿಮ್ಮ ಸೇವೆಯವರು ಇಡೆಂಪೊಟೆನ್ಸಿ ಕೀ (ಅದೇ ಕೋರಿಕೆ ಮತ್ತೆ ಬಂದಿದೆ ಎಂದು ಗುರುತಿಸಲು ಜತೆಗೆ ಕಳಿಸುವ ಸಂಕೇತ) ಒಪ್ಪಿದರೆ ಅದನ್ನು ಬಳಸಿ. ಕೀ ಹುಟ್ಟಬೇಕಾದದ್ದು ಕರೆ ಕಳಿಸುವ ಗಳಿಗೆಯಲ್ಲಿ ಅಲ್ಲ, ಸಿಬ್ಬಂದಿ ತಿದ್ದುಪಡಿಯನ್ನು ಉಳಿಸಿದ ಗಳಿಗೆಯಲ್ಲಿ; ಅದು ಮೊದಲು ನಿಮ್ಮ ಡೇಟಾಬೇಸ್‌ನಲ್ಲಿ ದಾಖಲಾಗಿ, ಆಮೇಲೆ ಪ್ರತಿ ಮರುಪ್ರಯತ್ನದಲ್ಲೂ ಅದೇ ಹೋಗಬೇಕು. ಪ್ರತಿ ಸಲವೂ ಹೊಸ ಕೀ ಮಾಡಿದರೆ ಅದರಿಂದ ಯಾವ ಪ್ರಯೋಜನವೂ ಇಲ್ಲ. ಕೀ ಸೌಲಭ್ಯ ಇಲ್ಲದಿದ್ದರೆ ನಿಮ್ಮ ಆರ್ಡರ್ ಸಂಖ್ಯೆಗೆ ತಿದ್ದುಪಡಿಯ ಕ್ರಮಾಂಕವನ್ನು ಸೇರಿಸಿ ಅದನ್ನೇ ಉಲ್ಲೇಖ ಸಂಖ್ಯೆಯಾಗಿ ಕಳಿಸಿ, ಉತ್ತರ ತಪ್ಪಿದಾಗ ಮತ್ತೆ ಬುಕ್ ಮಾಡುವ ಮೊದಲು ಆ ಉಲ್ಲೇಖದಿಂದ ಹುಡುಕಿ. ಸಿಕ್ಕರೆ ಕೆಲಸ ಆಗಿದೆ. ಸಿಗದಿದ್ದರೆ ತುಸು ಕಾಲ ಬಿಟ್ಟು ಇನ್ನೊಮ್ಮೆ ಹುಡುಕಿ, ಆಗಲೂ ಇಲ್ಲದಿದ್ದರೆ ಮಾತ್ರ ಕಳಿಸಿ.

202 ಎಂದರೆ ಕೋರಿಕೆಯನ್ನು ಸ್ವೀಕರಿಸಲಾಗಿದೆ, ಕೆಲಸ ಇನ್ನೂ ಮುಗಿದಿಲ್ಲ ಎಂದು. ಅವರು ನಿಮ್ಮ ಪರವಾಗಿ ಕೊರಿಯರ್‌ನವರನ್ನು ಕೇಳುತ್ತಾರೆ, ಕೊರಿಯರ್‌ನವರು ಒಪ್ಪದಿರಲೂಬಹುದು. ಆದ್ದರಿಂದ ನಿಮ್ಮ ಕೋಷ್ಟಕದಲ್ಲಿ ಗ್ರಾಹಕರು ಕೇಳಿದ ವಿಳಾಸಕ್ಕೆ ಒಂದು ಕಾಲಂ, ಕೊರಿಯರ್ ಖಚಿತಪಡಿಸಿದ ವಿಳಾಸಕ್ಕೆ ಇನ್ನೊಂದು ಕಾಲಂ ಇರಲಿ. ಎರಡೂ ಬೇರೆಯಾಗಿರುವ ಆರ್ಡರ್‌ಗಳ ಪಟ್ಟಿಯನ್ನು ಪ್ಯಾಕಿಂಗ್ ಮಾಡುವವರ ಪರದೆಯಲ್ಲಿ ಮೇಲೆಯೇ ತೋರಿಸಿ. ಖಚಿತವಾಗುವವರೆಗೆ ಅವರು ಆ ಪೆಟ್ಟಿಗೆಗೆ ಲೇಬಲ್ ಅಂಟಿಸುವುದಿಲ್ಲ. ವೆಬ್‌ಹುಕ್‌ಗಳನ್ನು (ಬದಲಾವಣೆಯಾದಾಗ ಅವರ ಸರ್ವರ್ ತಾನಾಗಿ ಕಳಿಸುವ ಸೂಚನೆಗಳು) ಬಳಸುವುದಾದರೆ ಅವು ಕಳಿಸಿದ ಕ್ರಮದಲ್ಲಿಯೇ ಬರುತ್ತವೆಂದು ಭಾವಿಸಬೇಡಿ. ನಮ್ಮ ಕಡೆ ಸಂಪರ್ಕ ಕಡಿದು ಮತ್ತೆ ಬಂದಾಗ ಹಳೆಯವು ಹೊಸದರ ಹಿಂದೆ ಬಂದು ಬೀಳುತ್ತವೆ. ಪ್ರತಿಯೊಂದರಲ್ಲಿರುವ ಸಮಯವನ್ನು ನೋಡಿ, ದಾಖಲಾಗಿರುವುದಕ್ಕಿಂತ ಹಳೆಯದನ್ನು ಬದಿಗಿಡಬೇಕು.

ಸಾಧ್ಯವಾದರೆ ಎಪಿಐಗೆ ಕರೆ ಮಾಡುವ ಭಾಗವನ್ನು ಸಾಗರದ ಕಚೇರಿಯ ಕಂಪ್ಯೂಟರ್‌ನಿಂದ ತೆಗೆದು ಹೊರಗಿನ ಸರ್ವರ್‌ಗೆ ಹಾಕಿ. ಕಚೇರಿಯಿಂದ ತಿದ್ದುಪಡಿಯು ಅಲ್ಲಿನ ಸರದಿ ಸಾಲಿನಲ್ಲಿ ದಾಖಲಾದರೆ ಸಾಕು, ಮುಂದಿನ ಮರುಪ್ರಯತ್ನಗಳೆಲ್ಲ ವಿದ್ಯುತ್ ಹೋಗದ ಜಾಗದಲ್ಲಿ ನಡೆಯುತ್ತವೆ.

ಪ್ರತಿಕ್ರಿಯೆ
ವರದಾ_ತೀರ, ಸಾಗರ

ಕುಶಾವತಿ ಅವರೇ, ಎರಡು ಕಾಲಂಗಳ ಸಲಹೆ ನಮಗೆ ಬಹಳ ಉಪಯುಕ್ತ. ಕೋಷ್ಟಕವನ್ನು ಹಾಗೆಯೇ ಬದಲಿಸುತ್ತಿದ್ದೇನೆ. ಕೊರಿಯರ್‌ನಿಂದ ಖಚಿತತೆ ಎಷ್ಟು ಹೊತ್ತಾದರೂ ಬರದಿದ್ದರೆ ಪೆಟ್ಟಿಗೆಯನ್ನು ಎಲ್ಲಿಯವರೆಗೆ ತಡೆಹಿಡಿಯಬೇಕು?

ಉತ್ತರ 4
ಗೋಣಿಚೀಲ, ಶಿವಮೊಗ್ಗ

ಪಿಕಪ್‌ನವರು ಬರುವ ಸಮಯವೇ ಗಡುವು. ಅದಕ್ಕೆ ಒಂದು ಗಂಟೆ ಮುಂಚೆ ಪಟ್ಟಿಯನ್ನು ನೋಡಿ, ಖಚಿತವಾಗದ ಆರ್ಡರ್‌ಗಳನ್ನು ಆ ದಿನದ ಮ್ಯಾನಿಫೆಸ್ಟ್‌ನಿಂದ (ಕೊರಿಯರ್‌ಗೆ ಒಪ್ಪಿಸುವ ಪಾರ್ಸೆಲ್‌ಗಳ ಪಟ್ಟಿ) ತೆಗೆದುಬಿಡಿ. ಮ್ಯಾನಿಫೆಸ್ಟ್‌ನಲ್ಲಿದ್ದು ಪಾರ್ಸೆಲ್ ಕೊಡದಿದ್ದರೆ ಕೊರಿಯರ್‌ನವರ ಲೆಕ್ಕದಲ್ಲಿ ಪಿಕಪ್ ವಿಫಲವಾದಂತೆ ದಾಖಲಾಗುತ್ತದೆ, ಆದ್ದರಿಂದ ಮೊದಲೇ ತೆಗೆಯುವುದು ಮುಖ್ಯ. ಉಪ್ಪಿನಕಾಯಿ, ಜೇನುತುಪ್ಪಗಳು ಒಂದು ದಿನ ಕಾದರೆ ಕೆಡುವ ವಸ್ತುಗಳಲ್ಲ. ಹಪ್ಪಳವನ್ನು ಮಾತ್ರ ಮಳೆಗಾಲದಲ್ಲಿ ಪೆಟ್ಟಿಗೆಯಲ್ಲಿ ಹಾಗೇ ಇಡದೆ ಗಾಳಿಯಾಡದ ಚೀಲದಲ್ಲಿ ಹಾಕಿಡಿ. ಮರುದಿನ ಬೆಳಿಗ್ಗೆಗೂ ಖಚಿತತೆ ಬಾರದಿದ್ದರೆ ಹಳೆಯ ಎಡಬ್ಲ್ಯೂಬಿಯನ್ನು ರದ್ದು ಮಾಡಿ, ರದ್ದಾಗಿದೆ ಎಂದು ಓದಿ ನೋಡಿ, ಹೊಸ ಪಿನ್‌ಕೋಡ್‌ನೊಂದಿಗೆ ಬುಕ್ ಮಾಡಿ. ಹಳೆಯ ಲೇಬಲನ್ನು ಅಲ್ಲೇ ಹರಿದುಹಾಕಿ. ಎರಡು ಲೇಬಲ್‌ಗಳು ಮೇಜಿನ ಮೇಲಿದ್ದರೆ ಅವಸರದಲ್ಲಿ ಅಂಟುವುದು ಯಾವುದೆಂದು ಹೇಳಲಾಗದು.